ಸೌದೆಯ ಮೆಥನಾಲ್, ಕಲ್ಲಿದ್ದಲಿನ ಮೆಥನಾಲ್

ಕರ್ನಾಟಕದಲ್ಲಿ ಕಬ್ಬಿಣದ ಅದಿರಿಗೆ ಬರವಿಲ್ಲ, ಕಲ್ಲಿದ್ದಲು ಮಾತ್ರ ಸಿಗದು. ಇಲ್ಲಿನ ಬಂಡೆಗಳಲ್ಲಿ ಬಹುಪಾಲು 250 ಕೋಟಿ ವರ್ಷಕ್ಕೂ ಹಳೆಯವು. ಕಲ್ಲಿದ್ದಲಾಗಬೇಕಾದ ಕಾಡುಗಳು ಆಗಿನ್ನೂ ಹುಟ್ಟಿರಲಿಲ್ಲ. ಹಾಗಾಗಿ 1923ರಲ್ಲಿ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ಊದುಕುಲುಮೆ ಹೊತ್ತಿಸಿದ್ದು ಮಲೆನಾಡಿನ ಇದ್ದಿಲಿನಿಂದ. ಸೌದೆಯನ್ನು ಗಾಳಿಯಾಡದ ರಿಟಾರ್ಟುಗಳಲ್ಲಿ ಕಾಯಿಸಿ, ಎದ್ದ ಹೊಗೆಯನ್ನು ತಣಿಸಿ, ಡಾಂಬರು, ಅಸಿಟೇಟು, ಮೆಥನಾಲ್ ಇಳಿಸಿಕೊಳ್ಳುವ ಏರ್ಪಾಡೂ ಅಲ್ಲಿತ್ತು.

ಬಚ್ಚಲ ಒಲೆಗೆ ತುರುಕಿದ ಹಸಿ ಕೊಳ್ಳಿಯ ಹೊರತುದಿಯಲ್ಲಿ ಕಂದು ರಸ ಜಿನುಗುವುದನ್ನು ಮಲೆನಾಡಿನವರು ಬಲ್ಲರು. ರಿಟಾರ್ಟಿನಲ್ಲೂ ನಡೆಯುವುದು ಅದೇ. ಮೊದಲು ನೀರು ಹೋಗುತ್ತದೆ. 280 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮರ ತಾನೇ ಕಾವು ಬಿಡುತ್ತಾ ಒಡೆಯತೊಡಗುತ್ತದೆ. ದಪ್ಪ ದಿಮ್ಮಿ ನಿಧಾನವಾಗಿ ಕಾದರೆ ಒಳಗಿನ ಆವಿ ಬಿಸಿ ಇದ್ದಿಲನ್ನು ಹಾದು ಬರುವಾಗ ಇನ್ನಷ್ಟು ಒಡೆದು, ಒಂದಿಷ್ಟು ಇಂಗಾಲವನ್ನು ಅಲ್ಲೇ ಬಿಡುತ್ತದೆ. ಕುಲುಮೆಗೆ ಬೇಕಾದದ್ದು ಇದ್ದಿಲೇ ಆದ್ದರಿಂದ ಇದು ಸರಿಯಾದ ದಾರಿ. ಅದೇ ಮರವನ್ನು ಪುಡಿ ಮಾಡಿ, ಥಟ್ಟನೆ 500 ಡಿಗ್ರಿಗೆ ಏರಿಸಿ, ಆವಿಯನ್ನು ಎರಡು ಸೆಕೆಂಡಿನೊಳಗೆ ತಣಿಸಿದರೆ ತೂಕದ ಮುಕ್ಕಾಲು ಪಾಲಿನವರೆಗೆ ದ್ರವವೇ ಸಿಗುತ್ತದೆ. ಮೆಥನಾಲ್ ಮಾತ್ರ ಮರದಿಂದ ದಕ್ಕುವುದು ಶೇಕಡಾ ಒಂದೆರಡು, ಅಷ್ಟೆ.

ಕಾಕತಾಳೀಯವೆಂದರೆ, ಅದೇ 1923ರಲ್ಲಿ ಜರ್ಮನಿಯ ಲಾಯ್ನಾದಲ್ಲಿ ಬಿಎಎಸ್‌ಎಫ್ ಕಂಪನಿ ಇದೇ ಮೆಥನಾಲನ್ನು ಕಲ್ಲಿದ್ದಲಿನ ಅನಿಲದಿಂದ ತಯಾರಿಸತೊಡಗಿತು. ಕಾರ್ಬನ್ ಮಾನಾಕ್ಸೈಡಿನ ಒಂದು ಅಣು, ಜಲಜನಕದ ಎರಡು ಅಣು ಕೂಡಿ ಮೆಥನಾಲಿನ ಒಂದೇ ಅಣುವಾಗುತ್ತದೆ. ಮೂರು ಒಂದಾಗುವುದರಿಂದ ಒತ್ತಡ ಹೆಚ್ಚಿದಷ್ಟೂ ಇಳುವರಿ ಹೆಚ್ಚು. ಈ ಕ್ರಿಯೆ ಕಾವು ಬಿಡುವಂಥದ್ದು, ತಣ್ಣಗಿದ್ದರೆ ಒಳ್ಳೆಯದು. ಆದರೆ ಅಂದಿನ ಸತು–ಕ್ರೋಮಿಯಂ ವೇಗವರ್ಧಕ 300 ಡಿಗ್ರಿ ದಾಟದೆ ಚುರುಕಾಗುತ್ತಿರಲಿಲ್ಲ. ಬಿಸಿಯಲ್ಲಿ ಕಳೆದುಕೊಂಡದ್ದನ್ನು ಒತ್ತಡದಲ್ಲಿ ಗಳಿಸಬೇಕಿತ್ತು: 200ರಿಂದ 300 ವಾಯುಭಾರ! ಅಷ್ಟು ದಪ್ಪ ಉಕ್ಕಿನ ಪಾತ್ರೆಗಳ ಖರ್ಚನ್ನೂ ತಡೆದುಕೊಂಡು ಈ ಮೆಥನಾಲ್ ಅಗ್ಗಕ್ಕೆ ಬಂತು. ಜಗತ್ತಿನ ಸೌದೆ ಭಟ್ಟಿಗಳು ಸೊರಗಿದವು. 1960ರ ದಶಕದಲ್ಲಿ ತಾಮ್ರದ ವೇಗವರ್ಧಕ ಬಂದ ಮೇಲೆ 250 ಡಿಗ್ರಿ, 50ರಿಂದ 100 ವಾಯುಭಾರ ಸಾಕಾಯಿತು. ಈ ವೇಗವರ್ಧಕಕ್ಕೆ ಗಂಧಕ ವಿಷವಾದ್ದರಿಂದ ಅನಿಲವನ್ನು ಮೊದಲು ಚೆನ್ನಾಗಿ ತೊಳೆಯಬೇಕು.

ಭಾರತದ ಕಲ್ಲಿದ್ದಲಿನ ತಕರಾರು ಅದಕ್ಕೂ ಮೊದಲೇ ಶುರುವಾಗುತ್ತದೆ. ಅದರಲ್ಲಿ ಮೂರನೇ ಒಂದು ಭಾಗದಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು, ಬರೀ ಬೂದಿ. ಅನಿಲವಾಗಿಸುವಾಗ ಕಾವು ಮಿತಿಮೀರಿದರೆ ಬೂದಿ ಮೆತ್ತಗಾಗಿ ಗಂಟುಕಟ್ಟುತ್ತದೆ. ಕಡಿಮೆಯಾದರೆ ಡಾಂಬರು ಉಳಿಯುತ್ತದೆ. ಹೈದರಾಬಾದಿನಲ್ಲಿ ಬಿಎಚ್‌ಇಎಲ್ 2021ರಲ್ಲಿ ಇಂಥ ಕಲ್ಲಿದ್ದಲಿನಿಂದಲೇ ದಿನಕ್ಕೆ ಕಾಲು ಟನ್ ಮೆಥನಾಲ್ ತೆಗೆಯುವ ಪ್ರಾಯೋಗಿಕ ಘಟಕವನ್ನು ನಡೆಸಿ ತೋರಿಸಿತು.