ಘಟ್ಟದ ಬುಡದಿಂದ ಕಂಡ ಸಮಾಜಶಾಸ್ತ್ರಜ್ಞರ ಬಳಗ

ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ ಘಟ್ಟದ ಬುಡದಲ್ಲಿರುವ ಗ್ರಾಮ. ಉಜಿರೆಯನ್ನು ದಾಟಿ ಬರುವ ಹೆದ್ದಾರಿ ಇಲ್ಲಿಂದ ಮುಂದೆ ತಿರುವು ತಿರುವಾಗಿ ಏರಿ ಕೊಟ್ಟಿಗೆಹಾರವನ್ನು ಸೇರುತ್ತದೆ. ಘಟ್ಟದ ಮೇಲಿನ ಕಾಫಿ ಈ ದಾರಿಯಲ್ಲಿ ಇಳಿಯಿತು. ಕರಾವಳಿಯ ಉಪ್ಪು, ಒಣಮೀನು ಹತ್ತಿದವು. ಕಾಫಿತೋಟದ ಕೂಲಿಗೆಂದು ತುಳುನಾಡಿನ ಆಳುಗಳು ಹತ್ತಿದರು. ಇಂದು ಈ ದಾರಿಯಲ್ಲಿ ಹೋಗುವವರಿಗೆ ಚಾರ್ಮಾಡಿಯೆಂದರೆ ಮಳೆಗಾಲದ ಮಂಜು ಮತ್ತು ಬಂಡೆಯಿಂದ ಧುಮುಕುವ ನೀರು. ಊರನ್ನು ಕಾಣುವವರು ಕಡಿಮೆ. ಹೀಗೆ ಎಲ್ಲರೂ ದಾಟಿಹೋಗುವ ಊರಿನಲ್ಲಿ ನಿಂತು, ಅಲ್ಲಿಯ ಜನ ಹೇಗೆ ಕೂಡಿ ಬಾಳುತ್ತಾರೆ, ಯಾವುದಕ್ಕಾಗಿ ಜಗಳವಾಡುತ್ತಾರೆ, ಯಾರ ಮಾತಿಗೆ ತಲೆಬಾಗುತ್ತಾರೆ ಎಂದು ಕ್ರಮವಾಗಿ ವಿಚಾರಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡವರಿದ್ದಾರೆ. ಅವರೇ ಸಮಾಜಶಾಸ್ತ್ರಜ್ಞರು. ಅವರ ಬಳಗ ಏನು ಮಾಡುತ್ತದೆ, ಅದರಲ್ಲಿ ಸೇರುವವರಿಗೆ ಯಾವ ಅವಕಾಶಗಳಿವೆ, ಅದರಿಂದ ಚಾರ್ಮಾಡಿಯಂಥ ಊರಿಗೆ ಏನು ಸಲ್ಲಬೇಕು ಎಂಬುದನ್ನು ನಾನು ಇಲ್ಲಿ ವಿವರಿಸಬೇಕೆಂದಿದ್ದೇನೆ.

ಮೊದಲಿಗೆ, ಬಳಗವೇಕೆ ಬೇಕು? ಕವಿಗೆ ಏಕಾಂತ ಸಾಕು ಎನ್ನುತ್ತೇವೆ. ಸಮಾಜಶಾಸ್ತ್ರಜ್ಞನಿಗೆ ಅದು ಸಾಲದು. ವೈದ್ಯನಿಗೆ ಉಷ್ಣಮಾಪಕವಿದೆ, ಸರ್ವೆಯವನಿಗೆ ಸರಪಳಿಯಿದೆ. ಸಮಾಜಶಾಸ್ತ್ರಜ್ಞನ ಮುಖ್ಯ ಉಪಕರಣ ಅವನ ಕಣ್ಣು, ಕಿವಿ ಮತ್ತು ತಿಳಿವಳಿಕೆ. ಅವನು ಯಾರ ಮನೆಯ ಜಗಲಿಯಲ್ಲಿ ಕುಳಿತನೋ ಆ ಮನೆಯ ಮಾತು ಅವನ ಕಿವಿಗೆ ಮೊದಲು ಬೀಳುತ್ತದೆ. ಗುತ್ತಿನ ಮನೆಯಿಂದ ಕಂಡ ಊರು, ಬೀಡಿ ಕಟ್ಟುವವಳ ಮನೆಯಂಗಳದಿಂದ ಕಂಡ ಊರು, ಮಲೆಕುಡಿಯರ ಗುಡಿಸಲಿನಿಂದ ಕಂಡ ಊರು ಒಂದೇ ಆಗಿರುವುದಿಲ್ಲ. ಆದುದರಿಂದ ಒಬ್ಬನು ಕಂಡದ್ದನ್ನು ಮತ್ತೊಬ್ಬನು ಪರೀಕ್ಷಿಸಬೇಕು, ಇನ್ನೊಬ್ಬನು ಆಕ್ಷೇಪಿಸಬೇಕು. ಈ ಪರೀಕ್ಷೆ ಆಕ್ಷೇಪಗಳಿಗೆ ಒಂದು ವೇದಿಕೆ ಬೇಕೆಂಬುದೇ ಸಂಘದ ಹುಟ್ಟಿಗೆ ಕಾರಣ.

ನಮ್ಮ ದೇಶದಲ್ಲಿ ಈ ಶಾಸ್ತ್ರಕ್ಕೆ ಇರುವುದು ಸುಮಾರು ನೂರು ವರ್ಷದ ಚರಿತ್ರೆ. 1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಪ್ಯಾಟ್ರಿಕ್ ಗೆಡ್ಡೀಸರ ನೇತೃತ್ವದಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ತೆರೆಯಿತು. 1924ರಲ್ಲಿ ಅದರ ಹೊಣೆ ಜಿ. ಎಸ್. ಘುರ್ಯೆಯವರಿಗೆ ಬಂತು. ಅವರ ಮುಂದಾಳುತನದಲ್ಲಿಯೇ 1951ರಲ್ಲಿ ಭಾರತೀಯ ಸಮಾಜಶಾಸ್ತ್ರ ಸಂಘ ಸ್ಥಾಪನೆಯಾಯಿತು. ಮರುವರ್ಷ ಅದರ ಪತ್ರಿಕೆ ‘ಸೋಷಿಯಾಲಾಜಿಕಲ್ ಬುಲೆಟಿನ್’ ಹೊರಟಿತು. ಪ್ರತ್ಯೇಕವಾಗಿ ನಡೆಯುತ್ತಿದ್ದ ಅಖಿಲ ಭಾರತ ಸಮಾಜಶಾಸ್ತ್ರ ಸಮ್ಮೇಳನವೂ 1967ರಲ್ಲಿ ಈ ಸಂಘದೊಡನೆ ಒಂದಾಯಿತು. ಲೋಕದ ಮಟ್ಟದಲ್ಲಿ 1949ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಂಘವಿದೆ. ಅದರ ವಿಶ್ವಸಮ್ಮೇಳನ 1986ರಲ್ಲಿ ಹೊಸದಿಲ್ಲಿಯಲ್ಲಿ ಜರುಗಿತು.

ಕನ್ನಡನಾಡಿನ ಪಾಲು ಇದರಲ್ಲಿ ಸಣ್ಣದಲ್ಲ. ಮೈಸೂರಿನ ಎಂ. ಎನ್. ಶ್ರೀನಿವಾಸರು ಎ. ಆರ್. ವಾಡಿಯಾ ಅವರಿದ್ದ ಕಾಲದ ಮಹಾರಾಜಾ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿ ಘುರ್ಯೆಯವರ ಶಿಷ್ಯರಾಗಿ, ಬಳಿಕ ಆಕ್ಸ್‌ಫರ್ಡಿಗೆ ಹೋದರು. ಕೊಡವರನ್ನು ಕುರಿತ ಅವರ ಗ್ರಂಥ 1952ರಲ್ಲಿ ಪ್ರಕಟವಾಯಿತು. ಸಂಸ್ಕೃತೀಕರಣ, ಪ್ರಬಲ ಜಾತಿ, ಮತಬ್ಯಾಂಕು ಎಂದು ಇಂದು ನಾವು ಪತ್ರಿಕೆಗಳಲ್ಲಿ ದಿನವೂ ಓದುವ ಮಾತುಗಳ ಹಿಂದೆ ಇರುವವರು ಅವರೇ. ಹಿರೇಮಲ್ಲೂರು ಈಶ್ವರನ್ ಕನ್ನಡ ಓದುಗರಿಗೆ ಸಾಹಿತಿಯಾಗಿ ಪರಿಚಿತರು. ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರವನ್ನು ಕಲಿಸಿದ ಅವರು ಶಿವಾಪುರವೆಂಬ ಹಳ್ಳಿಯನ್ನು ಕುರಿತು 1968ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ತಂದರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಸಿ. ಪಾರ್ವತಮ್ಮನವರು ದಲಿತ ಸಮುದಾಯದಿಂದ ಬಂದು ಈ ಶಾಸ್ತ್ರದಲ್ಲಿ ನೆಲೆ ನಿಂತವರು.

ಬಳಗವೆಂಬುದು ಹೇಗೆ ಕೆಲಸಮಾಡುತ್ತದೆ ಎನ್ನುವುದಕ್ಕೆ ಒಂದು ನಿದರ್ಶನ ಸಾಕು. ಶ್ರೀನಿವಾಸರು 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ವಾಸವಿದ್ದು ಟಿಪ್ಪಣಿಗಳನ್ನು ಮಾಡಿಕೊಂಡಿದ್ದರು. ಆ ಹಳ್ಳಿಗೆ ಅವರಿಟ್ಟ ಹೆಸರು ‘ರಾಂಪುರ’. ಹಲವು ವರ್ಷಗಳ ಶ್ರಮದಿಂದ ಅವರು ಸಿದ್ಧಗೊಳಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆಹುತಿಯಾದವು. ಆಗ ಸಹೋದ್ಯೋಗಿಯಾಗಿದ್ದ ಸೋಲ್ ಟ್ಯಾಕ್ಸ್, ನೆನಪಿನಿಂದಲೇ ಬರೆಯಿರಿ ಎಂದು ಒತ್ತಾಯಿಸಿದರು. 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಹೊರಬಂದಿತು. ಇದು ಬಳಗದ ಒಂದು ಮುಖ: ಕೈ ಹಿಡಿದೆತ್ತುವುದು.

ಇನ್ನೊಂದು ಮುಖವೂ ಉಂಟು. 1978ರಲ್ಲಿ ‘ಕಾಂಟ್ರಿಬ್ಯೂಷನ್ಸ್ ಟು ಇಂಡಿಯನ್ ಸೋಷಿಯಾಲಜಿ’ ಎಂಬ ಪತ್ರಿಕೆ ಈ ಪುಸ್ತಕದ ಮೇಲೆ ವಿಮರ್ಶಾಗೋಷ್ಠಿಯನ್ನೇ ನಡೆಸಿತು. ಅದರಲ್ಲಿ ಪಾರ್ವತಮ್ಮನವರು, ಇದು ಬ್ರಾಹ್ಮಣ ದೃಷ್ಟಿಯ ಯಾತ್ರೆಯೆಂದು ಶೀರ್ಷಿಕೆಯಲ್ಲಿಯೇ ಟೀಕಿಸಿ ಬರೆದರು. ಊರನ್ನು ಮೇಲುಜಾತಿಯ ಕಡೆಯಿಂದ ಕಂಡೆನೆಂಬುದನ್ನು ಶ್ರೀನಿವಾಸರು ಪುಸ್ತಕದಲ್ಲಿಯೇ ಒಪ್ಪಿದ್ದರು. ಆದರೂ ಅದನ್ನು ಮತ್ತೊಬ್ಬರು ಎತ್ತಿ ಹೇಳಿದಾಗ ಅದರ ಭಾರ ಬೇರೆಯಾಗುತ್ತದೆ. ಅವರು ಅದೇ ಸಂಚಿಕೆಯಲ್ಲಿ ಉತ್ತರವನ್ನೂ ಕೊಟ್ಟರು. ಕನ್ನಡದ ಹಳ್ಳಿಯೊಂದನ್ನು ಕುರಿತು ಇಬ್ಬರು ಕನ್ನಡಿಗರ ನಡುವೆ ನಡೆದ ಇಷ್ಟು ಮಹತ್ವದ ಸಂವಾದ ನಡೆದದ್ದು ಮಾತ್ರ ಇಂಗ್ಲಿಷಿನಲ್ಲಿ. ಈ ಸಂಗತಿಗೆ ನಾನು ಮತ್ತೆ ಬರುತ್ತೇನೆ.

ಸಂಘದ ನಿತ್ಯದ ಚಟುವಟಿಕೆಗಳು ಸರಳವಾದುವೇ. ಪ್ರತಿವರ್ಷ ಒಂದೊಂದು ಊರಿನಲ್ಲಿ ಸಮ್ಮೇಳನ ಸೇರುತ್ತದೆ. ಕೃಷಿಕ ಸಮಾಜ, ಕುಟುಂಬ, ಧರ್ಮ, ಆದಿವಾಸಿಗಳು, ಸ್ತ್ರೀಯರು, ದುಡಿಮೆ ಎಂದು ವಿಷಯಕ್ಕೊಂದರಂತೆ ಸಂಶೋಧನ ಸಮಿತಿಗಳಿವೆ. ಪ್ರಬಂಧಗಳು ಆಯಾ ಸಮಿತಿಯ ಮುಂದೆ ಮಂಡಿತವಾಗುತ್ತವೆ. ಚಾರ್ಮಾಡಿಯ ಒಬ್ಬ ಹೆಣ್ಣುಮಗಳು ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ತನ್ನ ಅಮ್ಮ, ಚಿಕ್ಕಮ್ಮಂದಿರು ಕಟ್ಟಿದ ಬೀಡಿಯ ಬಗ್ಗೆ ಬರೆದಳೆಂದು ಊಹಿಸೋಣ. ಎಲೆ, ತಂಬಾಕು ಬ್ರಾಂಚಿನಿಂದ ಮನೆಗೆ ಬರುತ್ತದೆ, ಕಟ್ಟಿದ ಬೀಡಿ ಬ್ರಾಂಚಿಗೆ ಹಿಂದಿರುಗುತ್ತದೆ, ಕೂಲಿ ಹೆಣ್ಣಿನ ಕೈಗೇ ಬರುತ್ತದೆ. ಈ ಹಣದಿಂದ ಮನೆಯೊಳಗೆ ಅವಳ ಮಾತಿನ ತೂಕ ಹೆಚ್ಚಿತೆ, ಇಲ್ಲವೆ ದುಡಿಮೆ ಮಾತ್ರ ಹೆಚ್ಚಿತೆ ಎಂಬುದು ಅವಳ ಪ್ರಶ್ನೆ. ಸಮಿತಿಯಲ್ಲಿ ಒಬ್ಬರು, ಎಷ್ಟು ಮನೆ ನೋಡಿದೆ ಎನ್ನುತ್ತಾರೆ. ಮತ್ತೊಬ್ಬರು, ಗಂಡಸರನ್ನು ಕೇಳಿದೆಯಾ ಎನ್ನುತ್ತಾರೆ. ಮೂರನೆಯವರು ಬೇರೆ ನಾಡಿನ ಬೀಡಿ ಕೆಲಸಗಾರರ ಅಧ್ಯಯನವನ್ನು ನೆನಪಿಸುತ್ತಾರೆ. ತಿದ್ದಿದ ಪ್ರಬಂಧ ಪತ್ರಿಕೆಗೆ ಹೋಗುತ್ತದೆ. ಅಲ್ಲಿ ಹೆಸರನ್ನು ಮರೆಮಾಡಿ ಬಲ್ಲವರಿಗೆ ಕಳುಹಿಸಿ, ಅವರ ಅಭಿಪ್ರಾಯ ಪಡೆದು, ಮತ್ತೆ ತಿದ್ದಿಸಿ ಅಚ್ಚುಹಾಕುತ್ತಾರೆ. ಊರಿನ ಅಂಗಳದ ಒಂದು ಅನುಭವ ಶಾಸ್ತ್ರದ ಮಾತಾಗುವುದು ಹೀಗೆ ಹಲವರ ಕೈ ದಾಟಿದ ಬಳಿಕ.

ಅವಕಾಶಗಳ ಮಾತು ಬಂದಾಗ ಅನೇಕರು, ಸಮಾಜಶಾಸ್ತ್ರ ಓದಿದವನಿಗೆ ಮೇಷ್ಟರ ಕೆಲಸ ಬಿಟ್ಟರೆ ಗತಿಯಿಲ್ಲ ಎನ್ನುತ್ತಾರೆ. ಪಾಠ ಹೇಳುವುದು ಮುಖ್ಯ ಉದ್ಯೋಗವೆಂಬುದು ನಿಜ. ಆದರೆ ಅದೊಂದೇ ಅಲ್ಲ. 1969ರಲ್ಲಿ ಸ್ಥಾಪಿತವಾದ ಭಾರತೀಯ ಸಮಾಜವಿಜ್ಞಾನ ಸಂಶೋಧನ ಪರಿಷತ್ತು ಸಂಶೋಧಕರಿಗೆ ವೇತನ, ಅನುದಾನಗಳನ್ನು ಕೊಡುತ್ತದೆ. ಬೆಂಗಳೂರಿನಲ್ಲಿ 1972ರಲ್ಲಿ ವಿ. ಕೆ. ಆರ್. ವಿ. ರಾವ್ ಅವರು ಸ್ಥಾಪಿಸಿದ, ಶ್ರೀನಿವಾಸರೂ ದುಡಿದ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನ ಸಂಸ್ಥೆಯಿದೆ. 2013ರ ಭೂಸ್ವಾಧೀನ ಕಾಯಿದೆಯ ಪ್ರಕಾರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಜನರ ನೆಲವನ್ನು ತೆಗೆದುಕೊಳ್ಳುವ ಮೊದಲು ಅದರಿಂದ ಊರಿನ ಬಾಳಿಗೆ ಏನಾಗುತ್ತದೆ ಎಂಬ ಸಾಮಾಜಿಕ ಪರಿಣಾಮದ ಅಧ್ಯಯನ ನಡೆಯಬೇಕು. ಗ್ರಾಮಾಭಿವೃದ್ಧಿ ಸಂಸ್ಥೆಗಳಿಗೆ, ಆಸ್ಪತ್ರೆಗಳಿಗೆ, ವಿಪತ್ತು ಪರಿಹಾರದವರಿಗೆ ಜನರ ನಡುವಿನ ಸಂಬಂಧಗಳನ್ನು ಬಲ್ಲವರು ಬೇಕು.

ವಿಪತ್ತಿನ ಮಾತನ್ನು ಚಾರ್ಮಾಡಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿಯಿತು, ಹೊಳೆ ದಿಕ್ಕುತಪ್ಪಿ ತೋಟಗಳಿಗೆ ನುಗ್ಗಿ ಮರಳು ಹೇರಿತು, ಘಟ್ಟದ ರಸ್ತೆ ತಿಂಗಳುಗಟ್ಟಲೆ ಸರಿಯಾಗಲಿಲ್ಲ. ಭೂಗರ್ಭಶಾಸ್ತ್ರ ಗುಡ್ಡ ಏಕೆ ಕುಸಿಯಿತೆಂದು ಹೇಳೀತು. ಯಾರ ಮನೆ ಹೊಳೆಯ ದಡದಲ್ಲಿಯೇ ಏಕಿತ್ತು, ಹಕ್ಕುಪತ್ರವಿಲ್ಲದವನ ನಷ್ಟ ಯಾವ ಪಟ್ಟಿಯಲ್ಲಿ ಸೇರಿತು, ಮೊದಲು ಅನ್ನ ಬೇಯಿಸಿದ ನೆರೆಕರೆಯವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದವನು ಸಮಾಜಶಾಸ್ತ್ರಜ್ಞ.

ನಮ್ಮ ಸೀಮೆಯಲ್ಲಿ ಹುಡುಕಬೇಕಾದುದು ಬಹಳವಿದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಿಂದ ಚಾಲಗೇಣಿಯ ಒಕ್ಕಲುಗಳು ಡಿಕ್ಲರೇಷನ್ ಕೊಟ್ಟು ಭೂಮಿಯ ಒಡೆಯರಾದರು. ಅವರ ಮೊಮ್ಮಕ್ಕಳು ಈಗ ಮುಂಬಯಿ, ಕೊಲ್ಲಿ ದೇಶಗಳಲ್ಲಿದ್ದಾರೆ. ಅಳಿಯಸಂತಾನದ ಕಟ್ಟು ಆಸ್ತಿಯಲ್ಲಿ ಸಡಿಲಿದರೂ ತರವಾಡಿನ ದೈವದ ಮುಂದೆ ಇನ್ನೂ ಬಿಗಿಯಾಗಿಯೇ ಇದೆ. 1982ರಲ್ಲಿ ಈ ತಾಲೂಕಿನಲ್ಲಿಯೇ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳು, ಒಬ್ಬರ ಹೊಲದಲ್ಲಿ ಎಲ್ಲರೂ ದುಡಿಯುವ ‘ಪ್ರಗತಿಬಂಧು’ ಗುಂಪುಗಳು, ವಾರದ ಕಂತಿನ ಲೆಕ್ಕ ಇವೆಲ್ಲ ನೆರೆಹೊರೆಯ ಅರ್ಥವನ್ನೇ ಬದಲಿಸಿವೆ. ಕೂಡಿ ದುಡಿದು ಏನು ಸಾಧಿಸಬಹುದೆಂಬುದಕ್ಕೆ ಪಕ್ಕದ ಜಾನಪದ ವಿದ್ವಾಂಸರ ಮೇಲ್ಪಂಕ್ತಿಯಿದೆ. ಉಜಿರೆಯ ಬಳಿಯ ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಹಾಡಿದ ಸಿರಿ ಮಹಾಕಾವ್ಯದ 15,683 ಸಾಲುಗಳನ್ನು ಫಿನ್ಲೆಂಡಿನ ಲೌರಿ ಹಾಂಕೊ, ನಮ್ಮವರೇ ಆದ ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರು ಸೇರಿ 1998ರಲ್ಲಿ ಪ್ರಕಟಿಸಿದರು. ಹಾಡಿದವರ ತುಳು ಮಾತು ಅನುವಾದದ ಜೊತೆಜೊತೆಗೇ ಅಚ್ಚಾಯಿತು. ಸಮಾಜಶಾಸ್ತ್ರಜ್ಞರು ಇದನ್ನು ಗಮನಿಸಬೇಕು.

ಯಾರು ಬರೆಯುತ್ತಾರೆ ಎಂಬುದೂ ಮುಖ್ಯ. ಕೊರಗರಿಂದ ಮಾಡಿಸುತ್ತಿದ್ದ ‘ಅಜಲು’ ಪದ್ಧತಿ ಹೊರಗಿನಿಂದ ನೋಡಿದವರಿಗೆ ಹಳೆಯ ಕಟ್ಟುಕಟ್ಟಳೆಯಾಗಿ ಕಂಡಿತು. ಅನುಭವಿಸಿದವರಿಗೆ ಅದು ಅವಮಾನವಾಗಿತ್ತು. ಕರ್ನಾಟಕ ಸರ್ಕಾರ 2000ದ ಕಾಯಿದೆಯಿಂದ ಅದನ್ನು ನಿಷೇಧಿಸಿತು. ಪಾರ್ವತಮ್ಮನವರ ಆಕ್ಷೇಪದ ತಿರುಳೂ ಇದೇ ಎಂದು ನನಗೆ ತೋರುತ್ತದೆ. ಕೊರಗರ, ಮಲೆಕುಡಿಯರ, ಬ್ಯಾರಿಗಳ ಮಕ್ಕಳು ಈ ಬಳಗದೊಳಗೆ ಬಂದು ಕುಳಿತಾಗಲೇ ಊರಿನ ಚಿತ್ರ ತುಂಬಿಕೊಳ್ಳುತ್ತದೆ.

ಈಗ ಭಾಷೆಯ ಮಾತಿಗೆ ಬರುತ್ತೇನೆ. ಇದು ಅಭಿಮಾನದ ಪ್ರಶ್ನೆ ಮಾತ್ರವಲ್ಲ. ಅನ್ನದ, ನೆಲದ ಪ್ರಶ್ನೆ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಿತವಾದಾಗ ಬೆಳ್ತಂಗಡಿಯ ಘಟ್ಟದಂಚಿನ ಕಾಡುಗಳ ಒಂದು ಭಾಗ ಅದರೊಳಗೆ ಸೇರಿತು. ಅಲ್ಲಿ ಮಲೆಕುಡಿಯರ ಮನೆಗಳಿದ್ದವು. 2006ರ ಅರಣ್ಯಹಕ್ಕು ಕಾಯಿದೆ ಅಂಥವರಿಗೆ ಹಕ್ಕು ಕೇಳುವ ದಾರಿಯನ್ನು ತೆರೆಯಿತು. ಕಾಗದಪತ್ರವಿಲ್ಲದವರು ಸಾಕ್ಷ್ಯವಾಗಿ ಏನನ್ನು ಕೊಡಬಹುದೆಂದು ಆ ಕಾಯಿದೆಯ ನಿಯಮಗಳು ಪಟ್ಟಿಮಾಡಿವೆ: ಹಿರಿಯರ ಹೇಳಿಕೆ, ವಂಶಾವಳಿ; ಅವುಗಳ ಜೊತೆಗೆ ಮಾನ್ಯ ಸಂಸ್ಥೆಗಳು ಅಲ್ಲಿಯ ರೂಢಿ ಸಂಪ್ರದಾಯಗಳನ್ನು ಕುರಿತು ಮಾಡಿದ ಅಧ್ಯಯನಗಳೂ ಸಲ್ಲುತ್ತವೆ. ಎಂದರೆ, ಸಮಾಜಶಾಸ್ತ್ರಜ್ಞನ ಬರವಣಿಗೆ ಒಂದು ಕುಟುಂಬದ ಮನೆಯನ್ನು ಉಳಿಸುವ ಸಾಕ್ಷ್ಯವಾಗಬಲ್ಲುದು. ಆದರೆ ಆ ಬರವಣಿಗೆ ದೂರದ ವಿಶ್ವವಿದ್ಯಾಲಯದ ಕಪಾಟಿನಲ್ಲಿ, ಊರವರಿಗೆ ತಿಳಿಯದ ಭಾಷೆಯಲ್ಲಿ ಮಲಗಿದ್ದರೆ, ಅಂಥದೊಂದು ಇದೆಯೆಂಬುದೇ ಗ್ರಾಮಸಭೆಗೆ ಗೊತ್ತಾಗುವುದಿಲ್ಲ. ಘಟ್ಟದ ಕಾಫಿಯಂತೆ ಊರಿನ ತಿಳಿವಳಿಕೆಯೂ ಇದೇ ರಸ್ತೆಯಲ್ಲಿ ಹೊರಗೆ ಹೋಗುತ್ತದೆ. ಕಾಫಿಗಾದರೋ ಬೆಲೆ ಬರುತ್ತದೆ.

ಇಂಗ್ಲಿಷನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಲೋಕದ ಬಳಗದೊಡನೆ ಮಾತನಾಡಲು ಅದು ಬೇಕು. ಆದರೆ ಪ್ರತಿಯೊಂದು ಅಧ್ಯಯನಕ್ಕೂ ಹತ್ತು ಪುಟದ ಒಂದು ಕನ್ನಡ ವರದಿಯಿದ್ದು, ಅದು ಆ ಗ್ರಾಮದ ಪಂಚಾಯಿತಿಯ ವಾಚನಾಲಯವನ್ನು ಸೇರಬೇಕು. ಆಗುವುದಾದರೆ ಗ್ರಾಮಸಭೆಯಲ್ಲಿ ಅದನ್ನು ತುಳುವಿನಲ್ಲಿ ವಿವರಿಸಬೇಕು. ಊರವರು ಇದು ಹೀಗಲ್ಲ ಎಂದರೆ ಅದನ್ನೂ ಬರೆದುಕೊಳ್ಳಬೇಕು. ಪಂಡಿತರ ಪರೀಕ್ಷೆಯಷ್ಟೇ ಕಟ್ಟುನಿಟ್ಟಾದ ಪರೀಕ್ಷೆ ಅದು. ಜೊತೆಗೆ ಎಚ್ಚರವೂ ಅಗತ್ಯ: ಶ್ರೀನಿವಾಸರು ಹಳ್ಳಿಗೆ ಬೇರೆ ಹೆಸರಿಟ್ಟದ್ದು ಸುಮ್ಮನೆಯಲ್ಲ. ನಂಬಿ ಮನೆಯ ಗುಟ್ಟು ಹೇಳಿದವಳಿಗೆ ನಾಳೆ ಅದರಿಂದ ಕೇಡಾಗದಂತೆ ನೋಡಿಕೊಳ್ಳುವುದು ಈ ವೃತ್ತಿಯ ಮೊದಲ ಧರ್ಮ. ಯಾವುದನ್ನು ಊರಿಗೆ ಹಿಂದಿರುಗಿಸಬೇಕು, ಯಾವುದನ್ನು ತನ್ನಲ್ಲಿಯೇ ಉಳಿಸಿಕೊಳ್ಳಬೇಕು ಎಂಬ ವಿವೇಕ ಪುಸ್ತಕದಿಂದ ಬರುವುದಿಲ್ಲ. ಹಿರಿಯರೊಡನೆ ಕೆಲಸ ಮಾಡುತ್ತ ಕಲಿಯಬೇಕಾದುದು ಅದು. ಬಳಗದ ನಿಜವಾದ ಪ್ರಯೋಜನವೂ ಅದೇ.

ಕಾಲೇಜುಗಳಲ್ಲಿ ಈ ಶಾಸ್ತ್ರವನ್ನು ಆರಿಸಿಕೊಂಡ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ನಾನು ಹೇಳುವುದಿಷ್ಟೆ. ಹೊರಗಿನ ಸಂಶೋಧಕ ಎರಡು ವರ್ಷ ಕಷ್ಟಪಟ್ಟು ಕಲಿಯಬೇಕಾದ ತುಳು ನಿಮ್ಮ ನಾಲಗೆಯ ಮೇಲಿದೆ. ಅವನು ಬೇಡಿ ಪಡೆಯಬೇಕಾದ ನಂಬುಗೆಯ ಅರ್ಧಭಾಗ ನಿಮಗೆ ಹುಟ್ಟಿನಿಂದಲೇ ಬಂದಿದೆ. ಉಳಿದ ಅರ್ಧ, ಎಂದರೆ ಪಕ್ಕದ ಕೇರಿಯ ನಂಬುಗೆ, ನೀವು ಸಂಪಾದಿಸಬೇಕು. ಅದಕ್ಕೆ ಬೇಕಾದ ಶಿಸ್ತನ್ನು ಬಳಗ ಕಲಿಸುತ್ತದೆ. ಸಂಘಕ್ಕೆ ಸದಸ್ಯರಾಗಿ, ಸಮ್ಮೇಳನಕ್ಕೆ ಹೋಗಿ, ಬೈಸಿಕೊಂಡು ಬನ್ನಿ; ಬಂದು, ಬರೆದದ್ದನ್ನು ಊರಿನವರ ಮುಂದೆ ಓದಿ.

(ಬಾನುಲಿ ಭಾಷಣ)