ನಾಗಸಂದ್ರದ ಜಾಮ್ ಹಿಂದಿನ ಲೆಕ್ಕ

ಬೆಂಗಳೂರಿನ ನಾಗಸಂದ್ರದ ಹತ್ತಿರ ತುಮಕೂರು ರಸ್ತೆಯಲ್ಲಿ ಜಾಮ್ ಯಾಕೆ? ಗಾಡಿ ಜಾಸ್ತಿ ಅಂತೀರಿ. ಸರಿ, ಗಾಡಿ ಯಾಕೆ ಜಾಸ್ತಿ? ಇಲ್ಲಿಂದ ಶುರು ಸಿಸ್ಟಂ ಡೈನಾಮಿಕ್ಸ್. 1950ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಜೇ ಫಾರೆಸ್ಟರ್ ಕಟ್ಟಿದ ವಿಧಾನ.

ರಸ್ತೆ ಒಂದು ಸಂಪ್ ಅಂದ್ಕೊಳ್ಳಿ. ಒಳಗಿರೋ ಗಾಡಿ ಸಂಗ್ರಹ; ಬರೋದು, ಹೋಗೋದು ಹರಿವು. ಫ್ಲೈಓವರ್ ಬಂದ್ರೆ ಓಡಾಟ ಸಲೀಸು. ಸಲೀಸಾಯ್ತು ಅಂತ ಇನ್ನಷ್ಟು ಜನ ಗಾಡಿ ತೆಗೀತಾರೆ, ಮತ್ತೆ ಜಾಮ್. ಇದು ಫೀಡ್‌ಬ್ಯಾಕ್ ಸುತ್ತು. ಪರಿಣಾಮ ಕಾಣೋಕೆ ವರ್ಷಗಳೇ ಬೇಕು; ಅಷ್ಟರಲ್ಲಿ ಟೇಪು ಕತ್ತರಿಸಿದವರೇ ಬದಲಾಗಿರ್ತಾರೆ!

ಮೆಟ್ರೋಗೂ ಇದೇ ಲೆಕ್ಕ. ಅದು ನಾಗಸಂದ್ರಕ್ಕೆ ಬಂದಿದ್ದು 2015ರಲ್ಲಿ, ಅದೇ ರಸ್ತೆಯಲ್ಲಿ ಮುಂದಿರೋ ಮಾದಾವರಕ್ಕೆ 2024ರಲ್ಲಿ. ಕೊನೇ ನಿಲ್ದಾಣ ಮುಂದೆ ಸರಿದ್ರೆ ಪಾರ್ಕಿಂಗ್, ಆಟೋ, ಮನೆ ಬಾಡಿಗೆ ಏನಾಗಬಹುದು? ಕಾಂಕ್ರೀಟ್ ಹಾಕೋ ಮುಂಚೆಯೇ ಇವನ್ನೆಲ್ಲ ಬಾಣ ಎಳೆದು ಜೋಡಿಸಿ, ಸಮೀಕರಣ ಕೊಟ್ಟು, ಕಂಪ್ಯೂಟರಿನಲ್ಲಿ ಹತ್ತು ವರ್ಷ ಮುಂದಕ್ಕೆ ಓಡಿಸಿ ನೋಡಬಹುದು.