ರದ್ದು ಮತ್ತು ಶೂನ್ಯ: ಕರ್ನಾಟಕದ ಬಾಲ್ಯವಿವಾಹ ತಿದ್ದುಪಡಿಯ ಹಿನ್ನೆಲೆ

ಬಾಲ್ಯವಿವಾಹಕ್ಕೆ ಸಂಬಂಧಿಸಿದ ವರದಿಗಳಲ್ಲಿ ನಮ್ಮ ಪತ್ರಿಕೆಗಳು ‘ಮದುವೆ ರದ್ದು’ ಎಂಬ ಮಾತನ್ನು ಧಾರಾಳವಾಗಿ ಬಳಸುತ್ತವೆ. ರದ್ದಾಗಬೇಕಾದರೆ ಅದಕ್ಕೆ ಮೊದಲು ಮದುವೆಯೊಂದು ಅಸ್ತಿತ್ವದಲ್ಲಿ ಇದ್ದಿರಬೇಕಷ್ಟೆ. ಆದರೆ 2017ರಿಂದ ಈಚೆಗೆ ಕರ್ನಾಟಕದಲ್ಲಿ ಜಾರಿಯಲ್ಲಿರುವ ಕಾನೂನು ಹೇಳುವುದು ಬೇರೆ. ಹದಿನೆಂಟು ತುಂಬದ ಹುಡುಗಿಯ ಅಥವಾ ಇಪ್ಪತ್ತೊಂದು ತುಂಬದ ಹುಡುಗನ ಮದುವೆ ಕಾನೂನಿನ ಕಣ್ಣಿನಲ್ಲಿ ನಡೆದೇ ಇಲ್ಲ. ಅದು ಆರಂಭದಿಂದಲೇ ಶೂನ್ಯ. ರದ್ದು ಮತ್ತು ಶೂನ್ಯಗಳ ನಡುವಿನ ಈ ಅಂತರವನ್ನು ದಾಟಲು ರಾಜ್ಯದಲ್ಲಿ ದೀರ್ಘಕಾಲದ ಹೋರಾಟ, ಅಧ್ಯಯನ ಮತ್ತು ನ್ಯಾಯಾಲಯದ ಮಧ್ಯಪ್ರವೇಶ ಬೇಕಾದವು. ಹೊರನಾಡಿನ ಸಂಶೋಧಕರಿಗೆ ಈ ಬೆಳವಣಿಗೆಯ ಸ್ವರೂಪವನ್ನೂ, ಅದು ಬಿಡಿಸದೆ ಉಳಿಸಿರುವ ತೊಡಕುಗಳನ್ನೂ ಪರಿಚಯಿಸುವುದು ಈ ಲೇಖನದ ಉದ್ದೇಶ.

ಕನ್ನಡ ನಾಡಿನಲ್ಲಿ ಈ ಪ್ರಶ್ನೆ ಹೊಸದಲ್ಲ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತಕಾಲದಲ್ಲಿ, 1894ರಲ್ಲಿ, ಮೈಸೂರು ಸಂಸ್ಥಾನವು ಶಿಶುವಿವಾಹವನ್ನು ತಡೆಯುವ ಕಾನೂನನ್ನು ಹೊರಡಿಸಿತು. ಎಂಟು ವರ್ಷದೊಳಗಿನ ಹೆಣ್ಣುಮಗುವಿನ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ವರಿಸುವುದನ್ನೂ ಅದು ನಿಷೇಧಿಸಿತು. ಇಂದಿನ ದೃಷ್ಟಿಗೆ ಈ ಮಿತಿ ತೀರಾ ಅಲ್ಪವೆನಿಸಿದರೂ, ದೇಶೀಯ ಸಂಸ್ಥಾನವೊಂದು ಬ್ರಿಟಿಷ್ ಇಂಡಿಯಾದ ಶಾರದಾ ಕಾಯಿದೆಗಿಂತ ಮೂರೂವರೆ ದಶಕ ಮುಂಚಿತವಾಗಿ ಈ ಹೆಜ್ಜೆ ಇರಿಸಿತೆಂಬುದು ಗಮನಾರ್ಹ. 1929ರ ಶಾರದಾ ಕಾಯಿದೆ ಮುಂಬಯಿ ಆಧಿಪತ್ಯದ ಧಾರವಾಡ, ಬೆಳಗಾವಿ, ಬಿಜಾಪುರಗಳಿಗೂ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ, ಬಳ್ಳಾರಿಗಳಿಗೂ ಅನ್ವಯವಾಯಿತು. ಮೈಸೂರು ಸಂಸ್ಥಾನವೂ ನಿಜಾಮರ ಹೈದರಾಬಾದೂ ಅದರ ವ್ಯಾಪ್ತಿಯ ಹೊರಗಿದ್ದವು. ಹೀಗಾಗಿ ಏಕೀಕರಣಕ್ಕೆ ಮುಂಚಿನ ಕನ್ನಡ ಪ್ರದೇಶಗಳ ಮದುವೆಯ ವಯಸ್ಸನ್ನು ಕುರಿತು ಒಂದೇ ಮಾತಿನಲ್ಲಿ ಬರೆಯಹೊರಡುವವರು ಎಚ್ಚರದಿಂದಿರಬೇಕಾಗುತ್ತದೆ.

ಶಾರದಾ ಕಾಯಿದೆ ಹುಡುಗಿಗೆ ನಿಗದಿಪಡಿಸಿದ್ದ ಹದಿನಾಲ್ಕು ವರ್ಷ 1949ರಲ್ಲಿ ಹದಿನೈದಕ್ಕೂ 1978ರಲ್ಲಿ ಹದಿನೆಂಟಕ್ಕೂ ಏರಿತು. ವಯಸ್ಸು ಏರಿದರೂ ತತ್ತ್ವ ಬದಲಾಗಲಿಲ್ಲ. ಮದುವೆ ಮಾಡಿಸಿದವರಿಗೆ ಶಿಕ್ಷೆಯುಂಟು, ಮದುವೆ ಮಾತ್ರ ಊರ್ಜಿತ ಎಂಬುದೇ ಆ ತತ್ತ್ವ. 1955ರ ಹಿಂದೂ ವಿವಾಹ ಅಧಿನಿಯಮವೂ ವಯಸ್ಸಿನ ಷರತ್ತನ್ನು ವಿಧಿಸಿ, ಅದರ ಉಲ್ಲಂಘನೆಯನ್ನು ಶೂನ್ಯವಿವಾಹಗಳ ಪಟ್ಟಿಯಿಂದ ಹೊರಗಿರಿಸಿತು. ಅಪರಾಧದ ಫಲ ನ್ಯಾಯಸಮ್ಮತವಾಗಿ ಉಳಿಯುವ ಈ ವಿಚಿತ್ರ ಸ್ಥಿತಿಗೆ ಮಕ್ಕಳ ಹಕ್ಕುಗಳ ಸಂಘಟನೆಗಳು ಆಕ್ಷೇಪವೆತ್ತಿದ್ದು ಸಹಜವೇ ಆಗಿದೆ.

2006ರಲ್ಲಿ ಅಂಗೀಕಾರ ಪಡೆದು 2007ರ ನವೆಂಬರ್ 1ರಂದು ಜಾರಿಗೆ ಬಂದ ಬಾಲ್ಯವಿವಾಹ ನಿಷೇಧ ಅಧಿನಿಯಮ ಅರ್ಧದಾರಿ ನಡೆಯಿತು. ಅದರ 3ನೆಯ ಪ್ರಕರಣದ ಪ್ರಕಾರ ಬಾಲ್ಯವಿವಾಹವು ‘ಶೂನ್ಯಗೊಳಿಸಬಹುದಾದ’ ಮದುವೆ. ಮದುವೆಯ ವೇಳೆ ಮಗುವಾಗಿದ್ದವರು ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ ಅದನ್ನು ಶೂನ್ಯಗೊಳಿಸಿಕೊಳ್ಳಬಹುದು; ವಯಸ್ಕರಾದ ಎರಡು ವರ್ಷದೊಳಗೆ ಈ ಕೆಲಸ ಆಗಬೇಕು. ಅಪಹರಿಸಿದ, ಮಾರಾಟ ಮಾಡಿದ ಅಥವಾ ನ್ಯಾಯಾಲಯದ ತಡೆಯಾಜ್ಞೆಯನ್ನು ಮೀರಿ ನಡೆಸಿದ ಮದುವೆಗಳು ಮಾತ್ರ ತಾವಾಗಿಯೇ ಶೂನ್ಯ. ಅಕ್ಷಯ ತದಿಗೆಯಂಥ ದಿನಗಳಂದು ಸಾಮೂಹಿಕ ಬಾಲ್ಯವಿವಾಹಗಳನ್ನು ತಡೆಯಲು ಜಿಲ್ಲಾ ದಂಡಾಧಿಕಾರಿಯೇ ನಿಷೇಧಾಧಿಕಾರಿಯೆಂದು ಪರಿಗಣಿತರಾಗುತ್ತಾರೆ ಎಂಬ ಉಪಬಂಧವೂ ಅದರಲ್ಲಿದೆ. ಪಂಚಾಂಗವನ್ನು ಇಷ್ಟು ನೇರವಾಗಿ ಗುರುತಿಸಿದ ಶಾಸನಗಳು ವಿರಳವೆಂದೇ ಹೇಳಬೇಕು. ಆದರೆ ಮುಖ್ಯ ಭಾರ ಬಿದ್ದದ್ದು ಹುಡುಗಿಯ ಮೇಲೆ. ತವರಿನವರೇ ಕೂಡಿ ನಡೆಸಿದ ಮದುವೆಯ ವಿರುದ್ಧ, ಗಂಡನ ಮನೆಯಲ್ಲಿದ್ದುಕೊಂಡು, ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ ಜಿಲ್ಲಾ ಕೇಂದ್ರದ ನ್ಯಾಯಾಲಯದ ಮೆಟ್ಟಿಲೇರುವವರು ಎಷ್ಟು ಮಂದಿ? ಕಾನೂನು ಆಕೆಗೆ ಬಾಗಿಲನ್ನೇನೋ ತೆರೆದಿತ್ತು, ಅಲ್ಲಿಯವರೆಗಿನ ದಾರಿಯನ್ನು ತೋರಿರಲಿಲ್ಲ.

ಈ ಕೊರತೆ ರಾಜ್ಯದಲ್ಲಿ ಚರ್ಚೆಗೆ ಬರಲು ಹಲವು ನೆಲೆಗಳ ಕೆಲಸ ಕಾರಣವಾಯಿತು. 1990ರಲ್ಲಿ ರೂಪುಗೊಂಡ ದುಡಿಯುವ ಮಕ್ಕಳ ‘ಭೀಮ ಸಂಘ’, ಮುಂದೆ ಕುಂದಾಪುರದ ಕಡೆ ಆರಂಭಗೊಂಡ ಮಕ್ಕಳ ಪಂಚಾಯತಿಗಳು ತಮ್ಮ ಊರಿನ ಸಮಸ್ಯೆಗಳನ್ನು ಮಕ್ಕಳೇ ಲೆಕ್ಕಹಾಕಿ ಮಂಡಿಸುವ ಪದ್ಧತಿಯನ್ನು ರೂಢಿಸಿದವು. 2006ರಲ್ಲಿ ಸರ್ಕಾರವೇ ಮಕ್ಕಳ ಗ್ರಾಮಸಭೆಗಳನ್ನು ನಡೆಸುವಂತೆ ಗ್ರಾಮ ಪಂಚಾಯತಿಗಳಿಗೆ ಸೂಚಿಸಿತು. ಹದಿನೆಂಟರವರೆಗೆ ಮದುವೆಯಾಗಬಾರದೆಂಬ ಷರತ್ತನ್ನು ಹೊತ್ತ ಭಾಗ್ಯಲಕ್ಷ್ಮಿ ಯೋಜನೆ 2006-07ರಲ್ಲಿ ಬಂದಿತು. ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯೊಂದರ ಸಂಬಂಧವಾಗಿ 2010ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ನೀಡಿದ ಆದೇಶದಂತೆ ಸರ್ವೋಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ರಚನೆಯಾಯಿತು. 2011ರಲ್ಲಿ ಅದು ಒಪ್ಪಿಸಿದ ವರದಿ, ನಮ್ಮ ಅಭಿಪ್ರಾಯದಲ್ಲಿ, ಈ ವಿಷಯದ ಮೇಲೆ ಕನ್ನಡ ನಾಡಿನಲ್ಲಿ ಸಿದ್ಧವಾದ ಅತ್ಯಂತ ಪ್ರಮುಖ ದಾಖಲೆ. ಎಲ್ಲ ಬಾಲ್ಯವಿವಾಹಗಳನ್ನೂ ಆರಂಭದಿಂದಲೇ ಶೂನ್ಯವೆಂದು ಸಾರಬೇಕೆಂಬ ಶಿಫಾರಸಿನ ಮೂಲಕ ಅದು ಕ್ಷೇತ್ರದ ಅನುಭವವನ್ನು ಶಾಸನದ ಭಾಷೆಗೆ ತಿರುಗಿಸಿತು.

ಶಿಫಾರಸು ಶಾಸನವಾಗಲು ಇನ್ನೂ ಆರು ವರ್ಷ ಹಿಡಿಯಿತು. ಕರ್ನಾಟಕದ 2016ರ ತಿದ್ದುಪಡಿ ಅಧಿನಿಯಮಕ್ಕೆ 2017ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 3ನೆಯ ಪ್ರಕರಣಕ್ಕೆ (1ಎ) ಎಂಬ ಉಪಪ್ರಕರಣ ಸೇರಿ, ತಿದ್ದುಪಡಿ ಜಾರಿಯಾದ ಬಳಿಕ ನಡೆಯುವ ಪ್ರತಿಯೊಂದು ಬಾಲ್ಯವಿವಾಹವೂ ಆರಂಭದಿಂದಲೇ ಶೂನ್ಯವೆನಿಸಿತು. ತಪ್ಪಿತಸ್ಥರಿಗೆ ಕನಿಷ್ಠ ಒಂದು ವರ್ಷದ ಕಠಿಣ ಸಜೆಯೂ ನಿಗದಿಯಾಯಿತು. ಅದೇ ವರ್ಷದ ಅಕ್ಟೋಬರ್ 11ರಂದು ‘ಇಂಡಿಪೆಂಡೆಂಟ್ ಥಾಟ್’ ಮೊಕದ್ದಮೆಯ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಮಾರ್ಗವನ್ನು ಉಳಿದ ರಾಜ್ಯಗಳೂ ಅನುಸರಿಸುವುದು ವಿವೇಕವೆಂದು ಹೇಳಿತು. ಹರಿಯಾಣ 2020ರಲ್ಲಿ ಇಂಥದೇ ತಿದ್ದುಪಡಿಯನ್ನು ಅಂಗೀಕರಿಸಿತು.

ತಿದ್ದುಪಡಿಗೆ ಪೂರ್ವಾನ್ವಯವಿಲ್ಲ ಎಂಬುದನ್ನು ಸಂಶೋಧಕರು ಮರೆಯುವಂತಿಲ್ಲ. 2012ರಲ್ಲಿ ನಡೆದ, ಹದಿನೆಂಟು ತುಂಬದ ವಧುವಿನ ಮದುವೆಯೊಂದನ್ನು ಕುಟುಂಬ ನ್ಯಾಯಾಲಯವು ಹಿಂದೂ ವಿವಾಹ ಅಧಿನಿಯಮದ 11ನೆಯ ಪ್ರಕರಣದಡಿ ಶೂನ್ಯವೆಂದು ಸಾರಿತ್ತು. ಆ ಪ್ರಕರಣವು ವಯಸ್ಸಿನ ಷರತ್ತನ್ನು ಒಳಗೊಂಡಿಲ್ಲವೆಂಬ ಕಾರಣದಿಂದ 2023ರಲ್ಲಿ ಉಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಒಂದೇ ಮನೆಯ ಅಕ್ಕನ ಮದುವೆ ಊರ್ಜಿತವಾಗಿ, ಕೆಲವು ವರ್ಷ ತಡವಾಗಿ ಅದೇ ವಯಸ್ಸಿಗೆ ನಡೆದ ತಂಗಿಯ ಮದುವೆ ಶೂನ್ಯವಾಗುವ ಸಂದರ್ಭ ಇಂದು ರಾಜ್ಯದಲ್ಲಿ ಅಸಂಭವವಲ್ಲ.

ಇದಕ್ಕಿಂತ ಗಂಭೀರವಾದ ತೊಡಕು ಜೀವನಾಂಶದ್ದು. ಕೇಂದ್ರ ಅಧಿನಿಯಮದ 4ನೆಯ ಪ್ರಕರಣ ಹುಡುಗಿಯ ಜೀವನಾಂಶವನ್ನೂ 6ನೆಯ ಪ್ರಕರಣ ಆಕೆಗೆ ಹುಟ್ಟಿದ ಮಕ್ಕಳ ಔರಸತ್ವವನ್ನೂ ಕಾಪಾಡುತ್ತವೆ. ಆದರೆ ಇವೆರಡೂ 3ನೆಯ ಪ್ರಕರಣದಡಿ ನ್ಯಾಯಾಲಯ ನೀಡುವ ಆಜ್ಞಪ್ತಿಯನ್ನು ಆಧರಿಸಿ ರಚಿತವಾದವು. ಆರಂಭದಿಂದಲೇ ಶೂನ್ಯವಾದ ಮದುವೆಗೆ ಆಜ್ಞಪ್ತಿಯ ಅಗತ್ಯವೇ ಇಲ್ಲ. ಆಜ್ಞಪ್ತಿಯಿಲ್ಲದ ಕಡೆ ಮಡಿಲಲ್ಲಿ ಕೂಸನ್ನು ಹೊತ್ತ ಹದಿನೇಳರ ಹುಡುಗಿ ಯಾವ ದ್ವಾರದಿಂದ ಜೀವನಾಂಶ ಕೇಳಬೇಕು? ಮದುವೆ ಇರಲೇ ಇಲ್ಲವೆಂಬ ವಾದವನ್ನು ಹುಡುಗಿಯನ್ನು ಕೈಬಿಡಬಯಸುವ ಗಂಡನ ಕಡೆಯವರೂ ಎತ್ತಬಲ್ಲರು. ತಿದ್ದುಪಡಿಯನ್ನು ಸ್ವಾಗತಿಸುವ ನಾವು ಈ ಅಪಾಯದ ಕಡೆಗೂ ಗಮನ ಸೆಳೆಯಬಯಸುತ್ತೇವೆ.

ಅಂಕಿ-ಅಂಶಗಳ ಬಗೆಗೂ ಎರಡು ಮಾತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಕರ್ನಾಟಕದಲ್ಲಿ 20ರಿಂದ 24ರ ವಯೋಮಾನದ ಸ್ತ್ರೀಯರಲ್ಲಿ ಹದಿನೆಂಟಕ್ಕೆ ಮೊದಲೇ ಮದುವೆಯಾದವರು 2005-06ರಲ್ಲಿ ಶೇಕಡಾ 40ಕ್ಕೂ ಹೆಚ್ಚಿದ್ದರು. ನಾಲ್ಕನೆಯ ಮತ್ತು ಐದನೆಯ ಸಮೀಕ್ಷೆಗಳಲ್ಲಿ ಈ ಪ್ರಮಾಣ ಶೇಕಡಾ 21ರ ಆಸುಪಾಸಿನಲ್ಲಿ ನಿಂತಿದೆ. ಐದನೆಯ ಸಮೀಕ್ಷೆಯಲ್ಲಿ ಇಳಿಕೆ ಕಾಣದಿರುವುದನ್ನು ತಿದ್ದುಪಡಿಯ ವೈಫಲ್ಯವೆಂದು ಓದುವುದು ಸರಿಯಲ್ಲ. 2019ರಲ್ಲಿ ರಾಜ್ಯದಲ್ಲಿ ಕ್ಷೇತ್ರಕಾರ್ಯ ನಡೆದಾಗ ಆ ವಯೋಮಾನದಲ್ಲಿದ್ದವರು ಬಹುಮಟ್ಟಿಗೆ 2013ರಿಂದ 2017ರೊಳಗೆ ಹದಿನೆಂಟನ್ನು ಮುಟ್ಟಿದವರು. ಅವರ ಬಾಲ್ಯವಿವಾಹಗಳು ಹೆಚ್ಚುಕಡಿಮೆ ಎಲ್ಲವೂ ತಿದ್ದುಪಡಿಗೆ ಹಿಂದಿನವು. ‘ತಡೆಯಲಾದ ಮದುವೆ’ಗಳ ಇಲಾಖಾ ಪಟ್ಟಿಗಳನ್ನೂ ಇಷ್ಟೇ ಎಚ್ಚರಿಕೆಯಿಂದ ನೋಡಬೇಕು. ಅಂದು ತಡೆದ ಮದುವೆ ತಿಂಗಳೊಪ್ಪತ್ತಿನಲ್ಲಿ ಬೇರೊಂದು ಊರಿನಲ್ಲಿ ಸದ್ದಿಲ್ಲದೆ ನಡೆದಿದ್ದರೆ ಆ ಪಟ್ಟಿಗೆ ಅದು ತಿಳಿಯುವುದಿಲ್ಲ.

ಆ ಬೇರೊಂದು ಊರು ಎಷ್ಟೋ ವೇಳೆ ರಾಜ್ಯದ ಗಡಿಯಾಚೆಗಿರಬಹುದು. ಹೊರನಾಡಿನ ಸಂಶೋಧಕರ ನೆರವು ಅಗತ್ಯವಾಗುವುದು ಇಲ್ಲಿಯೇ. ವಿಜಯಪುರ, ಕಲಬುರಗಿ, ಬೀದರ ಜಿಲ್ಲೆಗಳ ಕುಟುಂಬಗಳಿಗೆ ಸೊಲ್ಲಾಪುರ, ಸಾಂಗ್ಲಿ, ಲಾತೂರುಗಳಲ್ಲಿ ನೆಂಟಸ್ತನವಿದೆ. ಕಬ್ಬಿನ ಕಟಾವಿಗೆ ಮಹಾರಾಷ್ಟ್ರಕ್ಕೆ ಗುಳೆ ಹೋಗುವವರೂ ಉಂಟು. ಅಲ್ಲಿ ಗಂಡ-ಹೆಂಡತಿಯ ಜೋಡಿಯನ್ನೇ ಒಂದು ‘ಕೋಯ್ತಾ’ ಎಂದೆಣಿಸಿ ಮುಂಗಡ ಕೊಡುವ ಪದ್ಧತಿ ಎಳೆಯ ಮದುವೆಗಳಿಗೆ ಒತ್ತಾಸೆಯಾಗಿದೆ. ಗಡಿಯ ಈಚೆ ನಡೆದರೆ ಶೂನ್ಯವಾಗುವ ಮದುವೆ ಆಚೆ ನಡೆದಾಗ ಕೇಂದ್ರ ಅಧಿನಿಯಮದಂತೆ ಕೇವಲ ಶೂನ್ಯಗೊಳಿಸಬಹುದಾದದ್ದು. ಮದುವೆ ಆಚೆ, ಸಂಸಾರ ಈಚೆ ಆದಾಗ ಹುಡುಗಿಯ ಸ್ಥಾನವೇನು ಎಂಬುದನ್ನು ನಿರ್ಧರಿಸಲು ಬೆಂಗಳೂರಿನ ಕಡತಗಳು ಸಾಲವು. ಸೊಲ್ಲಾಪುರದ ನ್ಯಾಯಾಲಯದ ದಾಖಲೆಗಳು, ಅಲ್ಲಿನ ಕನ್ನಡ ಶಾಲೆಗಳ ಹಾಜರಿ ಪುಸ್ತಕಗಳು, ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡ ಕಾರ್ಮಿಕರ ನೆಲೆಗಳಲ್ಲಿ ಕನ್ನಡದಲ್ಲೇ ನಡೆಸಬಹುದಾದ ಸಂದರ್ಶನಗಳು ಈ ಅಧ್ಯಯನಕ್ಕೆ ಬೇಕಾದ ಆಕರಗಳು.